ಬಕೆಟ್ಟಿನಲ್ಲಿ ತಂದ ಪಾಠ

ಇಂಟರ್ನ್‌ಶಿಪ್ ಮುಗಿಸಿ ಬಂದವರು ಸಾಮಾನ್ಯವಾಗಿ ತಮ್ಮ ಯಶಸ್ವೀ ಪಾಠದ ಬಗ್ಗೆ ಬರೆಯುತ್ತಾರೆ. ನಾನು ಬರೆಯಹೊರಟಿರುವ ಪಾಠಕ್ಕೂ ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣದ ಬಳಕೆ ಅತ್ಯುತ್ತಮ’ ಎಂಬ ಷರಾ ಇದೆ. ಆದರೆ ಆ ಪಾಠದಿಂದಲೇ ಒಂದು ಕೆರೆ ಕೆಡುವುದರಲ್ಲಿತ್ತು. ಷರಾ ಬರೆದ ನಮ್ಮ ಮಾರ್ಗದರ್ಶಿ ಉಪನ್ಯಾಸಕರಿಗೆ ಅದು ಗೊತ್ತಿರಲಿಲ್ಲ. ನನಗೂ 26 ದಿನಗಳ ಕಾಲ ಗೊತ್ತಾಗಲಿಲ್ಲ.

ನನಗೆ ಹಂಚಿಕೆಯಾಗಿದ್ದು ತರೀಕೆರೆ ತಾಲ್ಲೂಕು ಅಮೃತಾಪುರದ ಸುತ್ತಿನ ಒಂದು ಪ್ರೌಢಶಾಲೆ. ಅಮೃತಾಪುರ ಎಂದೊಡನೆ ಎಲ್ಲರೂ ಕೇಳುವುದು ಅಮೃತೇಶ್ವರ ದೇವಾಲಯದ ವಿಷಯ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕ ಕಟ್ಟಿಸಿದ ಗುಡಿ. ಕವಿ ಜನ್ನ ಪದ್ಯ ಬರೆದ ಶಾಸನ ಇರುವ ಜಾಗ. ಪ್ರವಾಸಕ್ಕೆ ಬಂದವರು ಗುಡಿ ನೋಡಿ ಹೋಗುತ್ತಾರೆ. ಕೆಲವು ವಾರ ಅಲ್ಲೇ ಓಡಾಡಿದರೆ ಕಣ್ಣಿಗೆ ಬೀಳುವುದು ನೀರಿನ ಏರ್ಪಾಟು. ತೋಟದಿಂದ ಹಳ್ಳ, ಹಳ್ಳದಿಂದ ಕೆರೆ, ಆ ಕೆರೆಯ ಕೋಡಿಯಿಂದ ಕೆಳಗಿನ ಕೆರೆ. ತಾಲ್ಲೂಕಿನ ಹೆಸರಿನಲ್ಲೇ ಕೆರೆ ಇದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಇರುವುದೂ ಇದೇ ತಾಲ್ಲೂಕಿನಲ್ಲಿ. ಈಚಿನ ವರ್ಷಗಳಲ್ಲಿ ಅಡಿಕೆ ತೋಟಗಳ ನಡುವೆ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಗಳೂ ಬಂದಿವೆ. ಇದನ್ನೆಲ್ಲ ನಾನು ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಆದರೆ ಪಾಠ ಯೋಜನೆ ಬರೆಯಲು ಕೂತಾಗ ಇದ್ಯಾವುದೂ ನನ್ನ ನೆನಪಿಗೆ ಬರಲಿಲ್ಲ.

ಎಂಟನೆಯ ತರಗತಿಗೆ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಪಾಠ. ಅದರೊಳಗೆ ‘ಆಕ್ರಮಣಕಾರಿ ಪ್ರಭೇದಗಳು’ ಎಂಬ ಒಂದು ಉಪಘಟಕವನ್ನು ನಾನಾಗಿ ಸೇರಿಸಿಕೊಂಡೆ. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂದು ಐದೂ ಹಂತಗಳನ್ನು ಅಚ್ಚುಕಟ್ಟಾಗಿ ಬರೆದೆ. ಬೋಧನೋಪಕರಣದ ಅಂಕಣದಲ್ಲಿ ಚಿತ್ರಪಟ ಎಂದು ಬರೆಯುವ ಬದಲು ‘ನೈಜ ವಸ್ತು: ಅಂತರಗಂಗೆ ಗಿಡ’ ಎಂದು ಬರೆದೆ. ನಮ್ಮೂರಿನ ಕೆರೆಯ ತುಂಬ ಅದೇ ಇದೆ. ಹೂ ಬಿಟ್ಟ 11 ಗಿಡಗಳನ್ನು ಕಿತ್ತು ಬಕೆಟ್ಟಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ನಗುತ್ತಾ, “ಏನ್ ಮೇಡಂ, ಹೂವಿನ ವ್ಯಾಪಾರನಾ?” ಎಂದರು.

ಪಾಠ ನಿಜಕ್ಕೂ ಚೆನ್ನಾಗಿ ಹೋಯಿತು. ಗುಂಪಿಗೊಂದರಂತೆ ಗಿಡ ಕೊಟ್ಟೆ. ಊದಿಕೊಂಡ ಎಲೆತೊಟ್ಟನ್ನು ಬ್ಲೇಡಿನಿಂದ ಅಡ್ಡ ಕೊಯ್ದು ತೋರಿಸಿದಾಗ ಒಳಗಿನ ಸ್ಪಂಜಿನಂಥ ಗಾಳಿಗೂಡು ನೋಡಿ, “ಅದಕ್ಕೇ ಮುಳುಗಲ್ಲ!” ಎಂದು ಮಕ್ಕಳೇ ಹೇಳಿದರು. ನೇರಳೆಗಪ್ಪು ಬಣ್ಣದ, ಗರಿಗರಿಯಾದ ಬೇರು ನೋಡಿದರು. ತಾಯಿಗಿಡದಿಂದ ಬಳ್ಳಿಯೊಂದು ಹೊರಟು ಅದರ ತುದಿಯಲ್ಲಿ ಮರಿಗಿಡ ಕೂತಿರುವುದನ್ನು ಕಂಡರು. ತಿಳಿನೇರಳೆ ಹೂವಿನ ಮೇಲಿನ ಎಸಳಿನಲ್ಲಿ ನವಿಲುಗಣ್ಣಿನಂಥ ಹಳದಿ ಚುಕ್ಕೆ ಇರುವುದನ್ನು ನಾನೇ ತೋರಿಸಿ, “ಎಷ್ಟು ಚೆನ್ನಾಗಿದೆ ಅಲ್ವಾ?” ಎಂದೆ. ಆಮೇಲೆ ಇದರ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ, ಇದು ಕೆರೆಗಳ ಶತ್ರು, ನೀರಿನ ಮೇಲೆ ಚಾಪೆ ಹಾಸಿದಂತೆ ಹರಡಿ ಬೆಳಕು ತಡೆಯುತ್ತದೆ, ನೀರಿನ ಆಮ್ಲಜನಕ ತಗ್ಗುತ್ತದೆ, ಮೀನು ಸಾಯುತ್ತದೆ ಎಂದು ವಿವರಿಸಿದೆ. ಮೌಲ್ಯಮಾಪನದ ಐದು ಪ್ರಶ್ನೆಗಳಿಗೂ ಕೈಗಳು ಎದ್ದವು. ಘಂಟೆ ಹೊಡೆಯಿತು. “ಮಿಸ್, ತೊಗೊಂಡು ಹೋಗಲಾ?” ಎಂದು ಯಾರೋ ಕೇಳಿದರು. ಹೂ ಕೇಳುತ್ತಿದ್ದಾರೆ ಎಂದುಕೊಂಡು, “ತೊಗೊಳ್ಳಿ” ಎಂದೆ.

26 ದಿನಗಳ ನಂತರ, ಬಿಸಿಯೂಟದ ಹೊತ್ತಿನಲ್ಲಿ, ಆ ತರಗತಿಯ ಹುಡುಗಿಯೊಬ್ಬಳು ಸಂತೋಷದಿಂದ ಬಂದಳು.

“ಮಿಸ್, ನೀವು ಕೊಟ್ಟಿದ್ರಲ್ಲ ಗಿಡ, ನಮ್ಮ ಹೊಂಡದಲ್ಲಿ ಮರಿ ಹಾಕಿದೆ! ನಿನ್ನೆ ಎರಡು ಹೂ ಬಿಟ್ಟಿತ್ತು.”

ನನಗೆ ಮಾತೇ ಹೊರಡಲಿಲ್ಲ. ಐದು ಪ್ರಶ್ನೆಗಳಿಗೂ ಸರಿಯುತ್ತರ ಕೊಟ್ಟವರಲ್ಲಿ ಇವಳೂ ಒಬ್ಬಳು. “ಅದನ್ನ ಕೆರೆಗೆ ಹಾಕಬಾರದು ಅಂತ ಹೇಳಿದ್ದೆನಲ್ಲಮ್ಮ?” ಎಂದೆ.

“ಕೆರೆಗೆ ಹಾಕಲಿಲ್ಲ ಮಿಸ್,” ಎಂದಳು ಅವಳು, ನನ್ನ ಮುಖ ನೋಡಿ ಸ್ವಲ್ಪ ಹೆದರಿ. “ನಮ್ಮ ಹೊಂಡಕ್ಕೆ ಹಾಕಿದ್ದು.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಾನು ಪಾಠದುದ್ದಕ್ಕೂ ಹೇಳಿದ್ದು ಕೆರೆ, ಕೆರೆ, ಕೆರೆ. ಹೊಂಡ ಬೇರೆ ಎಂದು ಅವಳು ತಿಳಿದುಕೊಂಡದ್ದು ನಾನು ಹೇಳಿಕೊಟ್ಟದ್ದಕ್ಕೆ ಸರಿಯಾಗಿಯೇ ಇತ್ತು. “ಹೊಂಡ ತುಂಬಿದರೆ ನೀರು ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದೆ. ಪೈಪಿನಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಎಂದಳು. ಹೇಳುತ್ತಿರುವಾಗಲೇ ಅವಳಿಗೂ ಗೊತ್ತಾಯಿತು. ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

ಆ ಸಂಜೆ ನಾನು ಯೋಚಿಸಿದ್ದನ್ನು ಮುಚ್ಚಿಡುವುದಿಲ್ಲ. ಯಾರಿಗೂ ಹೇಳದೆ ಹೋಗಿ ಗಿಡ ತೆಗೆಸಿಬಿಡಬಹುದಿತ್ತು. ಆಂತರಿಕ ಅಂಕಗಳು ಇನ್ನೂ ಬರೆಯಲಾಗಿರಲಿಲ್ಲ. ‘ಅತ್ಯುತ್ತಮ’ ಎಂದು ಬರೆಸಿಕೊಂಡ ಪಾಠ ಇದು. ಆದರೆ ಮಳೆಗಾಲ, ರಾತ್ರಿಯಿಡೀ ಮಳೆ ಹೊಡೆಯುತ್ತಿತ್ತು. ಒಬ್ಬಳೇ ಹೋಗಿ, ಗುರುತಿಲ್ಲದ ಮನೆಯವರಿಗೆ ನಿಮ್ಮ ಹೊಂಡಕ್ಕೆ ಇಳಿಯಿರಿ ಎನ್ನುವುದು ಹೇಗೆ? ಮಾರ್ಗದರ್ಶಿಗಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆನಲ್ಲಮ್ಮ. ಬಕೆಟ್ ಆಮೇಲೆ ಏನಾಯ್ತು ಅಂತ ನಾನೂ ಕೇಳಲಿಲ್ಲ. ನಾಳೆ ಮುಖ್ಯಶಿಕ್ಷಕರಿಗೆ ಹೇಳಿ ಹೊರಡು, ನಾನು ಬರುತ್ತೇನೆ” ಎಂದರು.

ಮರುದಿನ ನಾವಿಬ್ಬರು, ಶಾಲೆಯ ವಿಜ್ಞಾನ ಶಿಕ್ಷಕರು ಮತ್ತು ಆ ತೋಟದ ಕಡೆಯ ಆರು ಮಕ್ಕಳು ಹೋದೆವು. ಮಕ್ಕಳು ಬೇಲಿಯಿಂದ ಈಚೆಗೇ ಎಂದು ಮೊದಲೇ ಕಟ್ಟಪ್ಪಣೆ. ಹಾಳೆ ಹಾಸಿದ ಹೊಂಡದ ಅಂಚು ಮಳೆಗೆ ಎಷ್ಟು ಜಾರುತ್ತದೆ, ಒಳಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ ಎಂಬುದನ್ನು ತೋಟದವರು ಬಲ್ಲರು. ನೀರು ಕೋಡಿ ಪೈಪಿನಿಂದ ಒಂದು ಗೇಣು ಕೆಳಗಿತ್ತು.

ಹುಡುಗಿಯ ತಂದೆಗೆ ಮೊದಲು ಇದೆಲ್ಲ ಅತಿಯೆನಿಸಿತು. “ಇರಲಿ ಬಿಡಿ, ದನಕ್ಕಾದ್ರೂ ಆಗುತ್ತೆ” ಎಂದರು. ಈ ಗಿಡದ ತೂಕದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ, ದನಕ್ಕೆ ಹೊಟ್ಟೆ ತುಂಬಿದಂತಾಗುತ್ತದೆ, ಮೈಗೆ ಹತ್ತುವುದು ಕಡಿಮೆ ಎಂದು ಸರ್ ವಿವರಿಸಿದರು. ಹೊಂಡ ಮುಚ್ಚಿಕೊಂಡರೆ ಬರಿ ನೀರಿಗಿಂತ ಬೇಗ ನೀರು ಆವಿಯಾಗುತ್ತದೆ, ಬೇಸಿಗೆಗೆಂದು ಕೂಡಿಟ್ಟ ನೀರನ್ನು ಗಿಡವೇ ಕುಡಿದು ಹೋಗುತ್ತದೆ ಎಂದಾಗ ಅವರು ಮರುಮಾತಿಲ್ಲದೆ ಅಡಿಕೆ ಕೊಯ್ಯುವ ದೋಟಿ ತಂದರು. ಎಳೆಯುವಾಗ ಬಳ್ಳಿ ತುಂಡಾಗಿ ಮರಿಗಳು ಚೆದುರದಂತೆ, ಹಳೆಯ ಸೊಳ್ಳೆಪರದೆಯನ್ನು ಬಲೆಯ ಹಾಗೆ ಕೆಳಗಿನಿಂದ ತಂದು ಒಂದೊಂದನ್ನೇ ದಡಕ್ಕೆ ಎಳೆದರು.

ಅವಳ ಅಜ್ಜ ಕಲ್ಲಿನ ಮೇಲೆ ಕೂತು ನೋಡುತ್ತಿದ್ದವರು ನನ್ನನ್ನು ಕರೆದರು. “ಟೀಚರಮ್ಮ, ಇದಕ್ಕೆ ಅಂತರಗಂಗೆ ಅಂತ ಯಾರು ಹೇಳಿದ್ದು? ಅಂತರಗಂಗೆ ಬೇರೆ. ಅದು ಸಣ್ಣ ಎಲೆಕೋಸಿನ ಹಂಗೆ ನೀರ ಮೇಲೆ ಕೂತಿರ್ತದೆ, ಅದರ ಹೂ ಕಣ್ಣಿಗೇ ಬೀಳಲ್ಲ. ನಾಟಿ ಔಷಧಿಗೆ ತರ್ತಿದ್ರು. ಇದು ನೋಡು, ಚಪ್ಪರ ಸಿಂಗಾರ ಮಾಡಿದಂಗೆ ಬಿಟ್ಟದೆ.”

ಅಜ್ಜ ಹೇಳಿದ್ದು ಸರಿ. ಅವರು ಹೇಳಿದ ಗಿಡ ಪಿಸ್ಟಿಯಾ. ನಾನು ತಂದದ್ದು ವಾಟರ್ ಹಯಾಸಿಂತ್. ಪತ್ರಿಕೆಗಳಲ್ಲಿ ಎರಡಕ್ಕೂ ಒಂದೇ ಹೆಸರು ನಡೆಯುತ್ತದೆ. ನಾನೂ ವಿಚಾರಿಸದೆ ಹಲಗೆಯ ಮೇಲೆ ಬರೆದಿದ್ದೆ. ಹೆಸರಿನಲ್ಲಿ ಗಂಗೆ ಇದ್ದ ಮೇಲೆ ಅದು ಹಿಂದಿನಿಂದ ಇದ್ದದ್ದೇ ಎಂದು ಮಕ್ಕಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಊರಿನ ಹಿರಿಯರೊಬ್ಬರನ್ನು ಒಮ್ಮೆ ಕೇಳಿದ್ದರೆ ಸಾಕಾಗಿತ್ತು.

ದಡದ ಮೇಲೆ ಮಕ್ಕಳು ಎಣಿಸಿದರು. ಹಾಕಿದ್ದು 3 ಗಿಡ. ಸಿಕ್ಕಿದ್ದು ಮರಿಗಳೂ ಸೇರಿ 14. ಮೊದಲು ಹೂಗೊಂಚಲುಗಳನ್ನು ಕತ್ತರಿಸಿ ಬೇರೆ ಚೀಲಕ್ಕೆ ಹಾಕಿದೆವು, ಏಕೆಂದರೆ ಇದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಜೀವ ಹಿಡಿದು ಕೂರಬಲ್ಲದು. ಗಿಡಗಳನ್ನು ಹಳ್ಳಕ್ಕೆ ದೂರದ, ಎತ್ತರದ ಜಾಗದಲ್ಲಿ ತಗಡಿನ ಮೇಲೆ ಹರಡಿದೆವು. ಪೂರ್ತಿ ಒಣಗಿದ ಮೇಲೆಯೇ ಗುಂಡಿಗೆ ಹಾಕುವುದೆಂದು ಮಾತಾಯಿತು.

ಉಳಿದ 8 ಗಿಡಗಳೇನಾದವು? ಮರುದಿನ ತರಗತಿಯಲ್ಲಿ ಯಾರನ್ನೂ ಬಯ್ಯುವುದಿಲ್ಲವೆಂದು ಹೇಳಿ ಕೇಳಿದೆ. ಒಬ್ಬ ಮನೆಯ ಬಕೆಟ್ಟಿನಲ್ಲಿಟ್ಟಿದ್ದ, ಅದು ಕೊಳೆತು ಸತ್ತಿತ್ತು. ಇನ್ನೊಬ್ಬ ಕಲಗಚ್ಚಿನ ತೊಟ್ಟಿಗೆ ಹಾಕಿದ್ದ, ಎಮ್ಮೆ ತಿಂದಿತ್ತು. ಆರನ್ನು ನಾನೇ ಶಾಲೆಯ ಗೊಬ್ಬರದ ಗುಂಡಿಗೆ ಎಸೆದಿದ್ದೆ. ಕೆದಕಿ ನೋಡಿದೆವು, ಮಣ್ಣಾಗಿದ್ದವು. ಹನ್ನೊಂದಕ್ಕೂ ಲೆಕ್ಕ ಸಿಕ್ಕಿತು. ಅದು ನಮ್ಮ ಅದೃಷ್ಟವೇ ಹೊರತು ನನ್ನ ಜಾಣತನವಲ್ಲ.

ಆ ದಿನದ ಅವಧಿಗೆ ನನ್ನ ಬಳಿ ಪಾಠ ಯೋಜನೆ ಇರಲಿಲ್ಲ. ಹುಡುಗಿಯನ್ನೇ ಹಲಗೆಗೆ ಕರೆದು ಅವಳ ಹೊಂಡ ಬರೆಯಲು ಹೇಳಿದೆ. ಹಳ್ಳವನ್ನು ಇನ್ನೊಬ್ಬ ಸೇರಿಸಿದ, ಕೆರೆಯನ್ನು ಮತ್ತೊಬ್ಬಳು. ಕೋಡಿ ನೀರು ಎಲ್ಲಿಗೆ ಎಂಬುದರ ಮೇಲೆ ಎರಡು ಬೆಂಚುಗಳಿಗೆ ಜಗಳವೇ ಆಯಿತು. ತಂತಮ್ಮ ತೋಟ, ಗದ್ದೆ, ಮನೆಯ ಮೋರಿ ಎಲ್ಲವನ್ನೂ ಸೇರಿಸುತ್ತಾ ಹೋದರು. ಗೆರೆಗಳು ಕೂಡುತ್ತಾ ಕೂಡುತ್ತಾ ಕೊನೆಗೆ ತುಂಗಭದ್ರೆ ಮುಟ್ಟಿದವು. ಒಂಟಿ ಹೊಂಡ ಎಂಬುದು ಹಲಗೆಯ ಮೇಲೆ ಒಂದೂ ಉಳಿಯಲಿಲ್ಲ. ಅಜ್ಜಂಪುರದಲ್ಲಿ ನೆಂಟರಿದ್ದ ಹುಡುಗ ಅಲ್ಲಿನ ಸುರಂಗದ ಸುದ್ದಿ ತೆಗೆದ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 367 ಕೆರೆಗಳಿಗೆ ನೀರು ತುಂಬಿಸುವ ಗುರಿಯಿದೆ ಎಂದು ಹೇಳಿದೆ. ಬರದ ಸೀಮೆಗೆ ಅದು ಬೇಕೇ ಬೇಕು. ಆದರೆ ನೀರು ಹೋದ ದಾರಿಯಲ್ಲಿ ಗಿಡ, ಬೀಜ, ಮೀನಿನ ಮೊಟ್ಟೆಗಳೂ ಹೋಗಬಲ್ಲವು. ಮೇಲಿನ ಕೆರೆಯನ್ನು ಚೊಕ್ಕಟವಾಗಿಡುವುದು ಕೆಳಗಿನ ಊರಿಗೆ ಮಾಡುವ ಉಪಕಾರ ಎಂಬ ಮಾತು ಮಕ್ಕಳಿಂದಲೇ ಬಂತು.

ಆಮೇಲೆ ಲೆಕ್ಕ. ಒಳ್ಳೆಯ ಬಿಸಿಲು, ಗೊಬ್ಬರದ ಅಂಶ ಇರುವ ನೀರು ಸಿಕ್ಕಿದರೆ ಈ ಗಿಡ ಹೆಚ್ಚುಕಡಿಮೆ ಎರಡು ವಾರಕ್ಕೆ ದುಪ್ಪಟ್ಟಾಗಬಲ್ಲದು. 3, 6, 12, 24 ಎಂದು ಬರೆಯುತ್ತಾ ಹೋದಾಗ 24 ವಾರಕ್ಕೆ 12,288 ಬಂತು. ಹಿಂದಿನ ಬೆಂಚಿನ ಹುಡುಗ ಒಪ್ಪಲಿಲ್ಲ. “ಅಷ್ಟಾಗಲ್ಲ ಮಿಸ್. ಹೊಂಡದಲ್ಲಿ ಜಾಗ ಬೇಕಲ್ಲ?” ಅವನು ಹೇಳಿದ್ದು ನನ್ನ ಲೆಕ್ಕಕ್ಕಿಂತ ಮುಖ್ಯವಾದ ಮಾತು. ಜಾಗ ಮುಗಿಯುವವರೆಗೆ ನಿಲ್ಲುವುದಿಲ್ಲ, ಜಾಗ ಮುಗಿದರೆ ಕೋಡಿ ಹತ್ತುತ್ತದೆ.

ಹುಡುಗಿ ಇನ್ನೂ ತಲೆ ತಗ್ಗಿಸಿಕೊಂಡೇ ಇದ್ದಳು. ಅದಕ್ಕೇ ಈ ಗಿಡ ನಮ್ಮ ದೇಶಕ್ಕೆ ಬಂದ ಕಥೆ ಹೇಳಿದೆ. ಅದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಂಗಾಳಕ್ಕೆ ಬಂದದ್ದು ಹೂವಿನ ಚೆಂದಕ್ಕಾಗಿ, ತೋಟದ ಕೊಳಗಳ ಅಲಂಕಾರಕ್ಕಾಗಿ. ಓದಿದವರು, ಅನುಕೂಲಸ್ಥರು ತಂದದ್ದು. ಕೆಲವೇ ದಶಕಗಳಲ್ಲಿ ಅಲ್ಲಿನ ಹೊಳೆಗಳಲ್ಲಿ ದೋಣಿ ಸಾಗದಂತಾಗಿ, ಅದನ್ನು ತೆಗೆಯಲೆಂದೇ 1936ರಲ್ಲಿ ಬಂಗಾಳದಲ್ಲಿ ಒಂದು ಕಾನೂನು ಮಾಡಬೇಕಾಯಿತು. ಬೆಂಗಳೂರಿನ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಇದರ ಎಲೆ ತಿನ್ನುವ ನಿಯೋಚೆಟಿನಾ ಎಂಬ ಮೂತಿಹುಳುಗಳನ್ನು ಹೊರದೇಶದಿಂದ ತರಿಸಿ, ಬೇರೆ ಬೆಳೆ ತಿನ್ನುವುದಿಲ್ಲ ಎಂದು ಪರೀಕ್ಷಿಸಿ ಬಿಟ್ಟರು. ಕೆಲವು ಕಡೆ ಅವು ಕೆಲಸ ಮಾಡಿದವು. ಆದರೆ ಚರಂಡಿಯ ನೀರು, ಹೊಲದ ಗೊಬ್ಬರ ಕೆರೆಗೆ ಸೇರುತ್ತಲೇ ಇದ್ದರೆ ಹುಳು ತಿನ್ನುವುದಕ್ಕಿಂತ ಗಿಡ ಚಿಗುರುವುದೇ ಹೆಚ್ಚು. ಆಕ್ರಮಣಕಾರಿ ಪ್ರಭೇದಗಳ ಬಗ್ಗೆ 2023ರಲ್ಲಿ ಬಂದ ಅಂತರರಾಷ್ಟ್ರೀಯ ವರದಿಯು ಜಗತ್ತಿನಲ್ಲಿ ಅತಿ ಹೆಚ್ಚು ಕಡೆ ಹರಡಿರುವುದು ಇದೇ ಗಿಡ ಎಂದಿದೆ. “ನೀನು ಮಾಡಿದ್ದು ಹೊಸ ತಪ್ಪಲ್ಲ, ದೊಡ್ಡವರು ಮಾಡಿದ ಹಳೆಯ ತಪ್ಪು. ಈ ಸಲ ಮಾಡಿಸಿದವಳು ನಾನು” ಎಂದೆ. ಆಗ ಅವಳು ತಲೆ ಎತ್ತಿದಳು.

ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು. ಒಬ್ಬ ಹುಡುಗನ ಮನೆಯವರು ಕೆರೆಯ ಮೀನಿನ ಟೆಂಡರ್ ಹಿಡಿದವರು. “ಮಿಸ್, ನಮ್ಮಪ್ಪ ಬಿಡೋ ಕಾಟ್ಲಾ, ರೋಹುನೂ ಹೊರಗಿನವೇನಾ? ಅವೂ ಶತ್ರುಗಳಾ?” ಅವನ ದನಿಯಲ್ಲಿ ಆತಂಕವಿತ್ತು. ಹಿಂದಿನ ಪಾಠದಲ್ಲಿ ನಾನು ಬಳಸಿದ ಶತ್ರು ಎಂಬ ಮಾತು ಅವನ ಮನೆ ಬಾಗಿಲಿಗೆ ಹೋಗಿ ನಿಂತಿತ್ತು. ಕಾಟ್ಲಾ, ರೋಹು ಮೂಲತಃ ಗಂಗೆಯ ಕಡೆಯ ನದಿಗಳ ಮೀನುಗಳೆಂಬುದು ನಿಜ ಎಂದೆ. ಹಾಗೆ ನೋಡಿದರೆ ನಮ್ಮ ಹೊಲದ ಮೆಕ್ಕೆಜೋಳ, ಸಾರಿನ ಮೆಣಸಿನಕಾಯಿ, ಟೊಮೆಟೊ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಹಾಗಾದರೆ ವ್ಯತ್ಯಾಸ ಏನು ಎಂದು ತರಗತಿಗೇ ಕೇಳಿದೆ. ಉತ್ತರ ಕೊಟ್ಟವನು ಅವನೇ.

“ಕಾಟ್ಲಾ ಮರಿ ಪ್ರತಿ ವರ್ಷ ದುಡ್ಡು ಕೊಟ್ಟು ತರ್ತೀವಿ ಮಿಸ್. ಜಿಲೇಬಿ ಮೀನು ಯಾರೂ ತರಲ್ಲ. ಅದು ಇದ್ದೇ ಇರುತ್ತೆ.”

ಯಾವ ಪುಸ್ತಕದ ವ್ಯಾಖ್ಯೆಗಿಂತಲೂ ಇದು ಚೆನ್ನಾಗಿದೆ. ಕಾಟ್ಲಾ, ರೋಹು ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ತರುವುದು ನಿಲ್ಲಿಸಿದರೆ ಮುಗಿಯುತ್ತವೆ. ಆಫ್ರಿಕಾ ಮೂಲದ ಜಿಲೇಬಿ, ಅಂದರೆ ತಿಲಾಪಿಯಾ, 1952ರಲ್ಲಿ ಸಾಕಣೆಗೆಂದು ನಮ್ಮ ದೇಶಕ್ಕೆ ಬಂತು. ತಾಯಿಮೀನು ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಆದ್ದರಿಂದ ಯಾವ ಕೆರೆಯಲ್ಲಾದರೂ ತಾನಾಗಿ ಹೆಚ್ಚುತ್ತದೆ. ಊರಿನ ಕೊರವ, ಚೇಳುಮೀನುಗಳಿಗೆ ಜಾಗ ಕಡಿಮೆಯಾಗುತ್ತದೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿದ್ದೂ ಇದೇ ಕಾರಣಕ್ಕೆ. ಹಲಗೆಯ ಮೇಲೆ ‘ಶತ್ರು’ ಎಂಬ ಪದ ಅಳಿಸಿ ‘ನಾವು ನಿಲ್ಲಿಸಿದರೂ ನಿಲ್ಲದ್ದು’ ಎಂದು ಬರೆದೆವು. ಹುಡುಗ ಸಮಾಧಾನದಿಂದ ಕೂತ. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಎಂಟನೆಯ ತರಗತಿಯ ಮಕ್ಕಳಿಗೆ ಕಲಿಸಿ ಕಳಿಸುವುದರಿಂದ ನಾನು ಸ್ವಲ್ಪದರಲ್ಲಿ ಪಾರಾದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳಬೇಕಾದದ್ದು ಇಷ್ಟು. ನೈಜ ವಸ್ತುವನ್ನು ತರಗತಿಗೆ ತನ್ನಿ ಎಂದು ನಮಗೆ ಕಲಿಸುತ್ತಾರೆ, ತರಬೇಕು. ಆದರೆ ಜೀವವಿರುವ ವಸ್ತು ಚಾರ್ಟಿನ ಹಾಗೆ ಸುತ್ತಿಟ್ಟರೆ ಸುಮ್ಮನಿರುವುದಿಲ್ಲ. ಸಾಧ್ಯವಿದ್ದರೆ ಮಕ್ಕಳನ್ನೇ ಅದಿರುವ ಜಾಗದ ದಡಕ್ಕೆ ಕರೆದೊಯ್ಯಿರಿ. ತರಲೇಬೇಕಾದರೆ ಒಂದೇ ಗಿಡ ತನ್ನಿ, ಹೂವಿಲ್ಲದ್ದನ್ನು ತನ್ನಿ, ತರಗತಿಯಲ್ಲೇ ಎಣಿಸಿ, ಮಕ್ಕಳ ಎದುರಿಗೇ ಒಣಗಿಸಿ. ಒಣಗಿಸುವುದೂ ಪಾಠದ ಭಾಗವೇ. ಅಕ್ವೇರಿಯಂ ಮೀನು, ಸೊಳ್ಳೆಮರಿ ತಿನ್ನಲು ತೊಟ್ಟಿಗೆ ಬಿಡುವ ಗಪ್ಪಿ ಮೀನು, ಎಲ್ಲಕ್ಕೂ ಇದೇ ಮಾತು. ಅವು ತೊಟ್ಟಿಯಲ್ಲೇ ಇರಬೇಕು. ಇನ್ನೊಂದು ಮೌಲ್ಯಮಾಪನದ ವಿಷಯ. ‘ಇದರ ಮೂಲ ಯಾವುದು?’ ಎಂಬ ಪ್ರಶ್ನೆಗೆ ನನ್ನ ತರಗತಿ ಸರಿಯುತ್ತರ ಕೊಟ್ಟಿತ್ತು. ‘ಇದು ನಿನ್ನ ಕೈಗೆ ಸಿಕ್ಕಿದರೆ ಏನು ಮಾಡುತ್ತೀಯ?’ ಎಂದು ನಾನು ಕೇಳಿರಲೇ ಇಲ್ಲ.

ಪ್ರತಿಫಲನ ದಿನಚರಿಯಲ್ಲಿ ಹಳೆಯ ಪಾಠದ ಪುಟವನ್ನು ಹೊಸದಾಗಿ ಬರೆಯಲೇ ಎಂದು ಸರ್ ಅವರನ್ನು ಕೇಳಿದೆ. “ಅದನ್ನು ಮುಟ್ಟಬೇಡ. ಪಕ್ಕದ ಪುಟದಲ್ಲಿ ಇದನ್ನೂ ಬರೆ, ನಾನೂ ಬರೆಯುತ್ತೇನೆ” ಎಂದರು. ತಮ್ಮ ಷರಾದ ಕೆಳಗೆ ದಿನಾಂಕ ಹಾಕಿ, ‘ಪಾಠದ ನಂತರ ಉಪಕರಣದ ವಿಲೇವಾರಿಯನ್ನು ವೀಕ್ಷಕನಾಗಿ ನಾನೂ ಗಮನಿಸಲಿಲ್ಲ’ ಎಂದು ಸಹಿ ಮಾಡಿದರು. ಅಂದಿನಿಂದ ನನ್ನ ಪಾಠ ಯೋಜನೆಯ ಬೋಧನೋಪಕರಣದ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣವಿದೆ: ‘ಪಾಠದ ನಂತರ ಎಲ್ಲಿಗೆ?’

ಇಂಟರ್ನ್‌ಶಿಪ್‌ನ ಕೊನೆಯ ವಾರ ಹುಡುಗಿ ಮತ್ತೆ ಬಂದಳು. ದಿನಾ ಸಂಜೆ ಬೇಲಿಯ ಹೊರಗಿನಿಂದಲೇ ಹೊಂಡ ನೋಡುತ್ತಿದ್ದಳಂತೆ. ಪೈಪಿನ ಬಾಯಿಯ ಹತ್ತಿರ ಇನ್ನೂ ಎರಡು ಸಣ್ಣ ಮರಿಗಳು ಕಂಡವು, ಅಪ್ಪನಿಗೆ ಹೇಳಿ ತೆಗೆಸಿದೆ ಎಂದಳು. ತೋರಿಸಲು ತಂದಿರಬಹುದೆಂದು ನಾನು ಅವಳ ಕೈ ನೋಡಿದೆ. ಕೈ ಖಾಲಿ ಇತ್ತು.

“ತರಲಿಲ್ಲ ಮಿಸ್,” ಎಂದಳು. “ಅಲ್ಲೇ ತಗಡಿನ ಮೇಲೆ ಒಣಗಾಕಿದೀನಿ.”